ಮೂಕಿ ಹೋದ ಮೇಲೆ

2020ರ ಫೆಬ್ರವರಿ 4ರ ರಾತ್ರಿ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಗಳು ಮೊಬೈಲ್ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ, ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ನಮ್ಮ ಬೋಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್‌ನವರು ತಮ್ಮ ಆಟಗಾರ ಮೂಕಿ ಬೆಟ್ಸ್‌ನನ್ನು ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡಕ್ಕೆ ಕೊಟ್ಟುಬಿಡುತ್ತಿದ್ದಾರೆ ಎಂಬ ಸುದ್ದಿ. ಅವಳಿಗೆ ಆಗ ಹನ್ನೊಂದು ವರ್ಷ. ನಾನು ಓದಿ ಮುಗಿಸುವವರೆಗೆ ಕಾದು ಒಂದೇ ಪ್ರಶ್ನೆ ಕೇಳಿದಳು: "ಅವನನ್ನು ಒಂದು ಮಾತು ಕೇಳಿದರೇ?"

ಕೇಳಿರಲಿಲ್ಲ. ನಿಯಮದ ಪ್ರಕಾರ ಕೇಳಬೇಕಾಗಿಯೂ ಇರಲಿಲ್ಲ. ಆರು ವರ್ಷವಾಯಿತು, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ಅದರ ಸುತ್ತಲೇ ಮಾತನಾಡುತ್ತೇನೆ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ಕೆಲವರು ಬೇಸ್‌ಬಾಲನ್ನು ಮನಸ್ಸಿಟ್ಟು ನೋಡುವವರು. ಹೆಚ್ಚಿನವರು, ನನ್ನ ಊಹೆ, ಮಕ್ಕಳು ನೋಡುವಾಗ ಪಕ್ಕದಲ್ಲಿ ಕುಳಿತು ಕ್ರಿಕೆಟ್‌ನ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳಲು ಯತ್ನಿಸಿದವರು. ಅದಕ್ಕಾಗಿ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಈ ಆಟ ಹಬ್ಬದ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುವುದಲ್ಲ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ತಂಡ 162 ಪಂದ್ಯ ಆಡುತ್ತದೆ. ವಾರಕ್ಕೆ ಆರು ದಿನ, ಕೆಲವೊಮ್ಮೆ ಏಳೂ ದಿನ. ಸಂಜೆ ಏಳಕ್ಕೆ ಟಿವಿಯಲ್ಲೋ ರೇಡಿಯೋದಲ್ಲೋ ಅದು ಶುರುವಾಗುತ್ತದೆ, ಅನ್ನಕ್ಕಿಡುವ ಹೊತ್ತಿನಲ್ಲಿ, ಮಕ್ಕಳ ಹೋಮ್‌ವರ್ಕ್ ನಡುವೆ. ನಮ್ಮ ಊರಿನ ಮನೆಗಳಲ್ಲಿ ಸಂಜೆಯ ಪ್ರದೇಶ ಸಮಾಚಾರ ಹೇಗೆ ಗೋಡೆಯ ಗಡಿಯಾರದಷ್ಟೇ ಮನೆಯ ಭಾಗವಾಗಿತ್ತೋ ಹಾಗೆ. ಒಬ್ಬ ಆಟಗಾರ ಐದಾರು ವರ್ಷ ಒಂದೇ ತಂಡದಲ್ಲಿದ್ದರೆ ನಮ್ಮ ಬಂಧುಗಳ ಮುಖಕ್ಕಿಂತ ಹೆಚ್ಚು ಸಲ ಅವನ ಮುಖವನ್ನು ನಾವು ನೋಡಿರುತ್ತೇವೆ. ಅವನು ಬ್ಯಾಟು ಹಿಡಿಯುವ ಮೊದಲು ಭುಜ ಕೊಡವುವ ರೀತಿ ಗೊತ್ತಿರುತ್ತದೆ. ಸೋತ ದಿನ ಹೇಗೆ ನಡೆಯುತ್ತಾನೆಂಬುದೂ ಗೊತ್ತಿರುತ್ತದೆ.

ಮೂಕಿಯ ಬಗ್ಗೆ ಏಕವಚನದಲ್ಲಿ ಮಾತನಾಡುತ್ತಿದ್ದೇನೆ, ಗಮನಿಸಿರಬಹುದು. ಅಗೌರವದಿಂದಲ್ಲ. ನಮ್ಮ ಮನೆಯಲ್ಲಿ ಅವನು ಹಾಗೆಯೇ ಇದ್ದ.

ಅವನ ಪೂರ್ತಿ ಹೆಸರು ಮಾರ್ಕಸ್ ಲಿನ್ ಬೆಟ್ಸ್. ಟೆನೆಸ್ಸಿಯ ನ್ಯಾಶ್‌ವಿಲ್‌ನವನು, ಹುಟ್ಟಿದ್ದು 1992ರ ಅಕ್ಟೋಬರ್ 7ರಂದು. ಮೂಕಿ ಬ್ಲೇಲಾಕ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಆಟ ಮೆಚ್ಚಿ ತಂದೆತಾಯಿ ಆ ಅಡ್ಡಹೆಸರು ಇಟ್ಟರು. 2018ರಲ್ಲಿ ಅಮ್ಮ ಮೈಸೂರಿನಿಂದ ನಮ್ಮ ಮನೆಗೆ ಬಂದಾಗ ಮೊದಲ ದಿನವೇ ಕೇಳಿದರು, "ಅಲ್ಲ, ಗಂಡುಹುಡುಗನಿಗೆ ಮೂಕಿ ಎಂದು ಯಾರಾದರೂ ಹೆಸರಿಡುತ್ತಾರೆಯೇ? ಮಾತು ಬರುವುದಿಲ್ಲವೇ ಪಾಪ?" ಮಾತು ಚೆನ್ನಾಗಿಯೇ ಬರುತ್ತದೆ ಎಂದು ನಾವು ಎಷ್ಟು ಹೇಳಿದರೂ ಅಮ್ಮನ ದನಿಯಲ್ಲಿ ಆ ಮರುಕ ಕೊನೆಯವರೆಗೂ ಉಳಿಯಿತು. ಅವನು ಬ್ಯಾಟಿಗೆ ಬಂದರೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಅಮ್ಮ ಬಂದದ್ದು ಮೇ ತಿಂಗಳ ಮೊದಲ ವಾರ. ಸಂದರ್ಶಕರ ವೀಸಾದಲ್ಲಿ ಇರಲು ಕೊಡುವುದು ಆರು ತಿಂಗಳು, ಅಂದರೆ ಹೆಚ್ಚುಕಡಿಮೆ ಒಂದು ಬೇಸ್‌ಬಾಲ್ ಋತು. ಅದೂ ಎಂಥ ಋತು! ಆ ವರ್ಷ ರೆಡ್ ಸಾಕ್ಸ್ 108 ಪಂದ್ಯ ಗೆದ್ದಿತು. ಮೂಕಿಯ ಬ್ಯಾಟಿಂಗ್ ಸರಾಸರಿ .346. ನೂರು ಸಲ ಅವಕಾಶ ಸಿಕ್ಕಾಗ ಮೂವತ್ತು ಸಲ ಚೆಂಡನ್ನು ಸರಿಯಾಗಿ ಹೊಡೆದವನೇ ಉತ್ತಮ ಆಟಗಾರನೆನಿಸಿಕೊಳ್ಳುವ ಆಟದಲ್ಲಿ ಅವನು ಸುಮಾರು ಮೂವತ್ತೈದು ಸಲ ಹೊಡೆದ. 32 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), 30 ಬೇಸ್ ಕದ್ದದ್ದು (ಓಡಿ ಮುಟ್ಟಬೇಕಾದ ಮುಂದಿನ ಠಾವನ್ನು ಎದುರಾಳಿಗಳ ಕಣ್ತಪ್ಪಿಸಿ ಸೇರಿದ್ದು), ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಸುತ್ತ ನಿಂತ ದೈತ್ಯರ ನಡುವೆ ಅವನು ಕಾಲೇಜು ಹುಡುಗನ ಹಾಗೆ ಕಾಣುತ್ತಿದ್ದ.

ಜುಲೈ 12ರ ಸಂಜೆಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಎದುರಾಳಿ ಟೊರಾಂಟೊ. ಮೂರೂ ಬೇಸ್‌ಗಳಲ್ಲಿ ನಮ್ಮವರು ನಿಂತಿದ್ದಾರೆ. ಮೂಕಿ ಬ್ಯಾಟಿಗೆ ಬಂದ. ಪಿಚರ್ ಎಸೆಯುತ್ತಾನೆ, ಇವನು ಗೆರೆಯ ಹೊರಗೆ ತಟ್ಟುತ್ತಾನೆ. ಮತ್ತೆ ಎಸೆಯುತ್ತಾನೆ, ಮತ್ತೆ ಹೊರಗೆ. ಒಂದು ತಪ್ಪಿದರೆ ಔಟು. ಎಣಿಸುತ್ತಾ ಎಣಿಸುತ್ತಾ ಹನ್ನೆರಡು ಎಸೆತವಾಯಿತು. ಮೈದಾನದ ಜನರೆಲ್ಲ ಎದ್ದು ನಿಂತಿದ್ದರು. ನಮ್ಮ ಮನೆಯಲ್ಲಿ ಅಮ್ಮ ಸೋಫಾದ ಅಂಚಿಗೆ ಸರಿದು, ದೇವರ ಮುಂದೆ ಕುಳಿತ ಹಾಗೆ ಕೈಜೋಡಿಸಿಕೊಂಡು, "ಬಿಡಬೇಡ ಮಗನೇ, ಬಿಡಬೇಡ" ಎನ್ನುತ್ತಿದ್ದರು. ಹದಿಮೂರನೆಯ ಚೆಂಡು ಎಡಗಡೆಯ ಆ ಹಸಿರು ಗೋಡೆಯನ್ನು ದಾಟಿ ಹೋಯಿತು. ರೆಡ್ ಸಾಕ್ಸ್‌ನ ಮೈದಾನವಾದ ಫೆನ್‌ವೇ ಪಾರ್ಕಿನ ಆ ಗೋಡೆಯನ್ನು ನೀವು ನೋಡಿದ್ದೀರಿ, ಮೂವತ್ತೇಳು ಅಡಿ ಎತ್ತರ. ಮೂಕಿ ಓಡುತ್ತಾ ಕೂಗಿದ ಕೂಗು ನನಗೆ ಈಗಲೂ ಕಿವಿಯಲ್ಲಿದೆ. ಅಮ್ಮ ನನ್ನ ಕಡೆ ತಿರುಗಿ, "ನೋಡಿದೆಯಾ, ಮಾತು ಬಂತು" ಎಂದರು.

ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿ. ಎರಡನೆಯ ಪಂದ್ಯ ಬೋಸ್ಟನ್ನಿನಲ್ಲಿ ಮುಗಿದ ಮೇಲೆ, ನಡುರಾತ್ರಿ ಕಳೆದು, ಕೊರೆಯುವ ಚಳಿಯಲ್ಲಿ ಮೂಕಿ ಬಿಸಿ ಊಟದ ತಟ್ಟೆಗಳನ್ನು ತೆಗೆದುಕೊಂಡು ಹೋಗಿ ಬೋಸ್ಟನ್ ಸಾರ್ವಜನಿಕ ಗ್ರಂಥಾಲಯದ ಹೊರಗೆ ಮಲಗಿದ್ದ ಮನೆಯಿಲ್ಲದವರಿಗೆ ಹಂಚಿದ. ಕ್ಯಾಮೆರಾ ಕರೆದಿರಲಿಲ್ಲ. ಯಾರೋ ಗುರುತು ಹಿಡಿದದ್ದರಿಂದ ಮರುದಿನ ಊರಿಗೆ ತಿಳಿಯಿತು. 28ರಂದು ರೆಡ್ ಸಾಕ್ಸ್ ಗೆದ್ದಿತು. ಸೋತ ತಂಡ ಯಾವುದು ಗೊತ್ತೇ? ಲಾಸ್ ಏಂಜಲೀಸ್ ಡಾಜರ್ಸ್. 30ರಂದು ಅಮ್ಮನ ವಿಮಾನ. ಪೆಟ್ಟಿಗೆಯಲ್ಲಿ ಮೊಮ್ಮಗಳು ಕೊಡಿಸಿದ 50ರ ಅಂಕಿಯ ಕೆಂಪು ಅಂಗಿ ಇತ್ತು.

ಇದಾಗಿ ಹದಿನೈದು ತಿಂಗಳಿಗೆ ಅವನನ್ನು ಕೊಟ್ಟುಬಿಟ್ಟರು.

ಟ್ರೇಡ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನೋಣ? ಪತ್ರಿಕೆಯವರು ವಿನಿಮಯ ಎಂದು ಬರೆಯಬಹುದು. ಅದರಲ್ಲಿ ನೋವಿಲ್ಲ, ಬ್ಯಾಂಕಿನ ವಾಸನೆ ಇದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, "ಮಾರಿಬಿಟ್ಟರೇ?" ಎಂದರು. ನನಗೆ ಮೈ ಜುಮ್ಮೆಂದಿತು. ಮನುಷ್ಯನ ವಿಷಯದಲ್ಲಿ, ಅದೂ ಈ ದೇಶದಲ್ಲಿ, ಅದೂ ಒಬ್ಬ ಕಪ್ಪು ಯುವಕನ ವಿಷಯದಲ್ಲಿ ಆ ಕ್ರಿಯಾಪದ ಎಷ್ಟು ಭಾರವಾದದ್ದೆಂದು ನಮಗೆಲ್ಲ ತಿಳಿದಿದೆ. ಆದರೆ ಆ ಮಾತನ್ನು ಮೊದಲು ಆಡಿದ್ದು ಅಮ್ಮನಲ್ಲ. ಐವತ್ತು ವರ್ಷ ಮೊದಲೇ ಒಬ್ಬ ಆಟಗಾರ ಅದನ್ನು ಬರೆದು ಸಹಿ ಹಾಕಿದ್ದ.

ಕರ್ಟ್ ಫ್ಲಡ್ ಅವರ ಬಗ್ಗೆ ಹೇಳುತ್ತಿದ್ದೇನೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದವರು. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದವರು, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಸತತ ಏಳು ಸಲ ಪಡೆದವರು. 1969ರ ಅಕ್ಟೋಬರ್‌ನಲ್ಲಿ ಒಂದು ಫೋನು ಬಂತು: ನಿಮ್ಮನ್ನು ಫಿಲಡೆಲ್ಫಿಯಾಕ್ಕೆ ಕೊಡಲಾಗಿದೆ. ಅಂದಿನ ನಿಯಮದಂತೆ ಆಟಗಾರ ಒಮ್ಮೆ ಸಹಿ ಹಾಕಿದರೆ ಜೀವಮಾನವಿಡೀ ಆ ತಂಡಕ್ಕೆ ಸೇರಿದವನು. ತಂಡ ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಬೇರೆಯವರಿಗೆ ಕೊಡಬಹುದು. ಅವನಿಗೆ ಇದ್ದ ದಾರಿಗಳು ಎರಡೇ, ಹೋಗುವುದು ಇಲ್ಲವೇ ಆಟ ಬಿಡುವುದು. ಫ್ಲಡ್ ಆ ವರ್ಷದ ಡಿಸೆಂಬರ್ 24ರಂದು ಬೇಸ್‌ಬಾಲ್‌ನ ಕಮಿಷನರ್‌ಗೆ ಕಾಗದ ಬರೆದರು. ನನ್ನ ಇಚ್ಛೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಳ್ಳುವ, ಮಾರುವ ಸ್ವತ್ತು ನಾನಲ್ಲ ಎಂಬುದು ಅದರ ತಿರುಳು. ಲಕ್ಷ ಡಾಲರ್ ಸಂಬಳವನ್ನು ಬಿಟ್ಟು ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ಮೂರು ಮತಗಳಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಆ ನಡುವೆ 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹದಿಮೂರು ಪಂದ್ಯ ಆಡಿದ್ದು ಬಿಟ್ಟರೆ ಅವರು ಮತ್ತೆ ಆಡಲಿಲ್ಲ.

ಅವರು ಸೋತರೂ ನಿಯಮ ಬದಲಾಯಿತು. 1975ರ ಕೊನೆಗೆ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಮಧ್ಯಸ್ಥಗಾರರೊಬ್ಬರು ಕೊಟ್ಟ ತೀರ್ಪಿನಿಂದ ಜೀವಮಾನದ ಕಟ್ಟು ಬಿಚ್ಚಿತು. ಈಗ ಸುಮಾರು ಆರು ವರ್ಷ ಆಡಿದವನು ಸ್ವತಂತ್ರನಾಗುತ್ತಾನೆ, ತನಗೆ ಬೇಕಾದ ತಂಡದೊಡನೆ ಮಾತನಾಡಬಹುದು. ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನಿಗೆ ಟ್ರೇಡ್ ಬೇಡವೆನ್ನುವ ಹಕ್ಕೂ ಇದೆ. ಮೂಕಿ ಮೊದಲ ಪಂದ್ಯ ಆಡಿದ್ದು 2014ರ ಜೂನ್‌ನಲ್ಲಿ. ಲೆಕ್ಕ ಹಾಕಿ ನೋಡಿ. ಸ್ವತಂತ್ರನಾಗಲು ಒಂದೇ ಒಂದು ಋತು ಬಾಕಿಯಿತ್ತು. ತಂಡಕ್ಕೆ ಅವಸರವಾದದ್ದೂ ಅದಕ್ಕೇ.

ತಂಡದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಆ ವರ್ಷ ಅವನ ಸಂಬಳ 270 ಲಕ್ಷ ಡಾಲರ್. ಸ್ವತಂತ್ರನಾಗಿ ಹೊರಟುಹೋದರೆ ತಂಡಕ್ಕೆ ಬದಲಾಗಿ ಸಿಗುವುದು ಹೆಚ್ಚೇನಿಲ್ಲ. ಮೇಲಾಗಿ 2020ರಲ್ಲಿ ಇಡೀ ತಂಡದ ಸಂಬಳ 20.8 ಕೋಟಿ ಡಾಲರ್ ದಾಟಿದರೆ ದಂಡದಂಥ ತೆರಿಗೆ ಬೀಳುತ್ತಿತ್ತು, ವರ್ಷದಿಂದ ವರ್ಷಕ್ಕೆ ಸತತವಾಗಿ ದಾಟಿದರೆ ಅದು ಏರುತ್ತಿತ್ತು. ರೆಡ್ ಸಾಕ್ಸ್ ಆಗಲೇ ದಾಟಿತ್ತು. ಹಾಗಾಗಿ ಮೂಕಿಯ ಜೊತೆಗೆ ದುಬಾರಿ ಪಿಚರ್ ಡೇವಿಡ್ ಪ್ರೈಸ್‌ನನ್ನೂ ಅವನ ಸಂಬಳದ ಅರ್ಧವನ್ನೂ ಸೇರಿಸಿ ಡಾಜರ್ಸ್‌ಗೆ ಕೊಟ್ಟರು. ಪಡೆದದ್ದು ಅಲೆಕ್ಸ್ ವರ್ಡುಗೊ, ಜೀಟರ್ ಡೌನ್ಸ್, ಕಾನರ್ ವಾಂಗ್ ಎಂಬ ಮೂವರು ಎಳೆಯರನ್ನು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಪಾಪ, ಆ ಹುಡುಗರು ಬೋಸ್ಟನ್ನಿಗೆ ಬಂದಿಳಿದ ದಿನದಿಂದ ಪ್ರತಿ ಚೆಂಡಿಗೂ ಜನ ಅವರನ್ನು ಮೂಕಿಯ ತಕ್ಕಡಿಯಲ್ಲಿಟ್ಟು ತೂಗಿದರು.

ಆ ಫೆಬ್ರವರಿಯಲ್ಲಿ ಆರು ದಿನ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಸುದ್ದಿಯಾದ ಒಪ್ಪಂದದಲ್ಲಿ ಮಿನೆಸೋಟದ ತಂಡವೂ ಇತ್ತು. ಅವರು ಕಳುಹಿಸಬೇಕಾಗಿದ್ದ ಯುವ ಪಿಚರ್ ಒಬ್ಬನ ವೈದ್ಯಕೀಯ ವರದಿ ನೋಡಿ ಬೋಸ್ಟನ್ನಿನವರು ಹಿಂಜರಿದರು. ಒಪ್ಪಂದ ತೂಗುಯ್ಯಾಲೆಯಾಯಿತು. ಮುರಿದುಬಿದ್ದೀತು ಎಂಬ ಆಸೆ ಇಡೀ ಊರಿಗೆ. ಕಚೇರಿಯಲ್ಲಿ, ಕಾಫಿ ಯಂತ್ರದ ಹತ್ತಿರ, ರೈಲಿನಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಕೇಳುತ್ತಿದ್ದರು: ಏನಾಯಿತು, ಏನಾದರೂ ತಿಳಿಯಿತೇ? ಮಗಳು ಬೆಳಿಗ್ಗೆ ಎದ್ದೊಡನೆ ಫೋನು ನೋಡುತ್ತಿದ್ದಳು. 10ರಂದು ಮಿನೆಸೋಟವನ್ನು ಬಿಟ್ಟು ಹೊಸದಾಗಿ ಒಪ್ಪಂದ ಕುದುರಿಸಿ ಮುಗಿಸಿದರು. ಆ ಆರು ದಿನ ಕೊಟ್ಟ ಆಸೆಯೇ ನನಗೆ ಹೆಚ್ಚು ನೋವಾಗಿ ಉಳಿದಿದೆ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಚಿಕ್ಕಂದಿನಲ್ಲಿ ತಾತನ ಜೊತೆ ನೋಡಿದ ದನದ ಜಾತ್ರೆ ನೆನಪಾಯಿತು. ಹಾಸನ, ಮಂಡ್ಯದ ಕಡೆಯವರಿಗೆ ಗೊತ್ತಿರುತ್ತದೆ. ಕೊಳ್ಳುವವನೂ ಮಾರುವವನೂ ಬಾಯಲ್ಲಿ ಬೆಲೆ ಆಡುವುದಿಲ್ಲ. ಒಬ್ಬರ ಕೈಯ ಮೇಲೆ ಟವೆಲ್ ಹಾಸಿ, ಅದರ ಮರೆಯಲ್ಲಿ ಬೆರಳು ಹಿಡಿದು, ಅದುಮಿ, ಬಿಟ್ಟು ವ್ಯಾಪಾರ ಮಾಡುತ್ತಾರೆ. ಸುತ್ತ ನಿಂತವರಿಗೆ ಮುಖಗಳಷ್ಟೇ ಕಾಣುತ್ತವೆ. ಅಭಿಮಾನಿಗಳಾದ ನಾವು ಆ ಫೆಬ್ರವರಿಯಲ್ಲಿ ನಿಂತದ್ದು ಹಾಗೆ, ಟವೆಲಿನ ಹೊರಗೆ. ಮೂಕಿ ನಿಂತದ್ದೂ ಅಲ್ಲಿಯೇ. ಹತ್ತು ವರ್ಷಕ್ಕೆ 30 ಕೋಟಿ ಡಾಲರ್ ಕೊಡುತ್ತೇವೆಂದು ತಂಡ ಹಿಂದೆ ಹೇಳಿತ್ತು, ಅವನು ಅದಕ್ಕಿಂತ ಬಹಳ ಹೆಚ್ಚು ಕೇಳಿದ ಎಂದು ವರದಿಗಳು ಬಂದವು. ಇರಬಹುದು. ತನ್ನ ಬೆಲೆಯನ್ನು ತಾನು ಹೇಳುವುದು ಕರ್ಟ್ ಫ್ಲಡ್ ಅಂಥವರು ತಮ್ಮ ಆಟವನ್ನೇ ತೆತ್ತು ಇವನಿಗೆ ಗಳಿಸಿಕೊಟ್ಟ ಹಕ್ಕು. ಅದಕ್ಕಾಗಿ ನಾನು ಅವನ ಮೇಲೆ ಮುನಿಸಿಕೊಳ್ಳಲಾರೆ.

ಮುನಿಸಿನ ವಿಷಯ ಬಂತು. ಈ ಮಾತಿಗಾಗಿಯೇ ನಾನು ಇಷ್ಟು ದೂರ ಬಂದದ್ದು.

2005ರ ಡಿಸೆಂಬರ್‌ನಲ್ಲಿ ಜಾನಿ ಡೇಮನ್ ಎಂಬ ನಮ್ಮ ಆಟಗಾರ ಸ್ವತಂತ್ರನಾಗಿ, ಹೆಚ್ಚು ಹಣಕ್ಕೆ, ನಮ್ಮ ಬದ್ಧವೈರಿಗಳಾದ ನ್ಯೂಯಾರ್ಕ್ ಯಾಂಕೀಸ್ ಸೇರಿದ. ಊರಿಗೆ ಊರೇ ಉರಿಯಿತು. ಮುಂದಿನ ವರ್ಷ ಅವನು ಫೆನ್‌ವೇಗೆ ಬಂದಾಗ ಬೈದರು, ಕೂಗಿದರು, ಸಿಟ್ಟು ಅಲ್ಲಿಗೆ ಇಳಿಯಿತು. ಏಕೆಂದರೆ ಅವನು ತಾನಾಗಿ ಹೋದವನು. ಸಿಟ್ಟಿಗೆ ವಿಳಾಸವಿತ್ತು. ಟ್ರೇಡ್ ಆದವನ ಮೇಲೆ ಹಾಗೆ ಸಿಟ್ಟಾಗುವಂತಿಲ್ಲ, ಅವನು ಹೋದವನಲ್ಲ, ಕಳುಹಿಸಲ್ಪಟ್ಟವನು. ಬದಲಿಗೆ ಬಂದವರ ಮೇಲೆ ಸಿಟ್ಟಾದರೆ ಅದು ಅನ್ಯಾಯ. ತಂಡದ ಮೇಲೆ ಎನ್ನೋಣ ಎಂದರೆ, ಆ ಅಂಗಿಯನ್ನೇ ತಾನೇ ನಾವು ತೊಟ್ಟುಕೊಂಡಿರುವುದು? ಮಾಲೀಕರು ಎಲ್ಲೋ ಇರುತ್ತಾರೆ, ಪತ್ರಿಕಾಗೋಷ್ಠಿಯಲ್ಲಿ ಒಮ್ಮೆ ಕಾಣಿಸಿಕೊಂಡು, ಕಠಿಣ ನಿರ್ಧಾರ ಎಂದು ಹೇಳಿ ಎದ್ದು ಹೋಗುತ್ತಾರೆ. ಸಿಟ್ಟು ಕೈಯಲ್ಲಿ ಹಿಡಿದ ಕಾಗದದ ಹಾಗೆ, ಹಾಕಲು ಡಬ್ಬಿಯಿಲ್ಲದೆ ಉಳಿಯುತ್ತದೆ.

ನಾನು ಮೂರನೆಯ ತರಗತಿಯಲ್ಲಿದ್ದಾಗ ತರೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯ ಮೇಷ್ಟ್ರಿಗೆ ವರ್ಷದ ನಡುವೆ ವರ್ಗವಾಯಿತು. ಮಗ್ಗಿಯನ್ನು ಹಾಡಿಸಿ ಕಲಿಸಿದವರು. ಹೊರಡುವ ದಿನ ನಾವೆಲ್ಲ ಅವರ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಅತ್ತೆವು, ಅವರೂ ಅತ್ತರು. ಇಂಥ ಚಿತ್ರಗಳು ಈಗಲೂ ನಮ್ಮ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಟ್ರೇಡ್ ಎಂಬುದಕ್ಕೆ ಕನ್ನಡದ ಅನುಭವದಲ್ಲಿ ಹತ್ತಿರದ್ದು ಅದೇ, ವರ್ಗ. ಆದರೆ ಅಲ್ಲಿ ಒಂದು ಬಾಗಿಲಿತ್ತು. ಊರಿನ ಹಿರಿಯರು ಮನವಿ ಬರೆದು, ಹೆಬ್ಬೆಟ್ಟೊತ್ತಿ, ತಾಲ್ಲೂಕು ಕೇಂದ್ರಕ್ಕೆ ಹೋಗಿ ಕೊಟ್ಟು ಬಂದರು. ಅದರಿಂದ ಏನೂ ಆಗಲಿಲ್ಲ, ಮೇಷ್ಟ್ರು ಹೋದರು. ಆದರೂ ಕೇಳಿದ್ದೇವೆ ಎಂಬುದೊಂದು ಉಳಿಯಿತು. ಫೆನ್‌ವೇಯಲ್ಲಿ ಮನವಿ ತೆಗೆದುಕೊಳ್ಳುವ ಕಿಟಕಿಯಿಲ್ಲ. ಟಿಕೆಟಿನ ಕಿಟಕಿ ಮಾತ್ರ ಇದೆ.

ಒಂದು ಆಕ್ಷೇಪ ನಿಮ್ಮಲ್ಲಿ ಎದ್ದಿರಬಹುದು. ಆ ಟ್ರೇಡ್ ತಂಡಕ್ಕೆ ಕೆಟ್ಟದಾಯಿತು, ಅದಕ್ಕಾಗಿ ಈ ನೋವು. ಒಳ್ಳೆಯದಾಗಿದ್ದರೆ ಇಷ್ಟು ಮಾತು ಬರುತ್ತಿತ್ತೇ? ಬರುತ್ತಿತ್ತು. ಅದಕ್ಕೆ ನನ್ನ ಬಳಿ ಸಾಕ್ಷಿ ಇದೆ, ನೊಮಾರ್ ಗಾರ್ಸಿಯಾಪಾರ.

ನಾನು ಈ ಊರಿಗೆ ಬಂದದ್ದು 2003ರಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬರು ಅಜ್ಜ, ನಿವೃತ್ತ ಅಂಚೆ ನೌಕರರು. ಬೇಸಿಗೆಯಲ್ಲಿ ಹಿಂದಿನ ಜಗಲಿಯ ಮೇಲೆ ರೇಡಿಯೋ ಇಟ್ಟುಕೊಂಡು ಕುಳಿತಿರುತ್ತಿದ್ದರು. ಬೇಸ್‌ಬಾಲ್ ನನಗೆ ಕಲಿಸಿದ್ದು ಅವರೇ. ಕಿವಿಯಿಂದ ಕಲಿತೆ, ಕಣ್ಣಿನಿಂದಲ್ಲ. ಅವರ ಪ್ರಾಣವೆಂದರೆ ನೊಮಾರ್. 1999ರಲ್ಲಿ .357, 2000ದಲ್ಲಿ .372, ಎರಡೂ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ. ಪ್ರತಿ ಚೆಂಡಿಗೆ ಮೊದಲು ನೊಮಾರ್ ಕೈಗವಸಿನ ಪಟ್ಟಿಯನ್ನು ಬಿಚ್ಚಿ ಬಿಗಿದು, ಬಿಚ್ಚಿ ಬಿಗಿದು, ಕಾಲ್ಬೆರಳನ್ನು ನೆಲಕ್ಕೆ ತಟ್ಟುತ್ತಿದ್ದರು. ಬೀದಿಯ ಮಕ್ಕಳೆಲ್ಲ ಅದನ್ನೇ ಅನುಕರಿಸುತ್ತಿದ್ದರು. 2004ರ ಜುಲೈ 31, ಟ್ರೇಡ್ ಮಾಡಲು ಕೊನೆಯ ದಿನ, ನೊಮಾರ್‌ರನ್ನು ಶಿಕಾಗೊ ಕಬ್ಸ್‌ಗೆ ಕೊಟ್ಟರು. ಆ ಸಂಜೆ ಅಜ್ಜ ರೇಡಿಯೋ ಹಚ್ಚಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಡ್ ಸಾಕ್ಸ್ ಎಂಬತ್ತಾರು ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. ಬೇಬ್ ರೂತ್ ಅವರನ್ನು 1919ರ ಡಿಸೆಂಬರ್‌ನಲ್ಲಿ ಯಾಂಕೀಸ್‌ಗೆ ಲಕ್ಷ ಡಾಲರ್‌ಗೆ ಮಾರಿದ್ದರಿಂದ ತಟ್ಟಿದ ಶಾಪ ಎಂದು ಜನ ನಂಬಿದ್ದು ಕೊನೆಗೂ ಕಳೆಯಿತು. ನೊಮಾರ್ ಬದಲಿಗೆ ಬಂದ ಆರ್ಲಾಂಡೊ ಕಬ್ರೇರ ಚೆನ್ನಾಗಿ ಆಡಿದರು. ಲೆಕ್ಕದಲ್ಲಿ ಆ ಟ್ರೇಡ್ ಸರಿ, ನೂರಕ್ಕೆ ನೂರು ಸರಿ. ಗೆದ್ದ ರಾತ್ರಿ ಅಜ್ಜ ನಮ್ಮ ಜಗಲಿಗೆ ಬಂದು ಬಾಗಿಲು ಬಡಿದರು. ಕಣ್ಣಲ್ಲಿ ನೀರು. ತಮ್ಮ ತಂದೆ ನೋಡದೆ ಹೋದದ್ದನ್ನು ತಾವು ನೋಡಿದೆವೆಂದರು. ಆಮೇಲೆ, ಹೊರಡುವ ಮುಂಚೆ, "ನೊಮಾರ್ ಇಲ್ಲಿರಬೇಕಿತ್ತು" ಎಂದರು. ಸಂತೋಷ ಪೂರ್ತಿಯಾಗಿತ್ತು, ಕೊರತೆಯೂ ಪೂರ್ತಿಯಾಗಿತ್ತು. ಒಂದು ಇನ್ನೊಂದನ್ನು ತೀರಿಸಲಿಲ್ಲ. ಆ ದಿನದಿಂದ, ಟ್ರೇಡ್‌ನಲ್ಲಿ ಯಾರು ಗೆದ್ದರು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. ಆರು ವರ್ಷದ ನಂತರ, 2010ರ ಮಾರ್ಚ್‌ನಲ್ಲಿ, ನೊಮಾರ್ ರೆಡ್ ಸಾಕ್ಸ್ ಜೊತೆ ಒಂದೇ ದಿನದ ಒಪ್ಪಂದಕ್ಕೆ ಸಹಿ ಹಾಕಿ, ಆ ತಂಡದವರಾಗಿಯೇ ನಿವೃತ್ತರಾದರು. ಅಜ್ಜ ಅಷ್ಟು ಹೊತ್ತಿಗೆ ಇರಲಿಲ್ಲ.

ಆಟಗಾರನ ಕಡೆಯಿಂದಲೂ ಇದು ಹೀಗೇ ಇರುತ್ತದೆ ಎಂಬುದಕ್ಕೆ ಟಾಮ್ ಸೀವರ್ ನೆನಪಾಗುತ್ತಾರೆ. ನ್ಯೂಯಾರ್ಕ್ ಮೆಟ್ಸ್‌ನ ಪಿಚರ್, 1969ರಲ್ಲಿ ಯಾರೂ ನಿರೀಕ್ಷಿಸದಿದ್ದ ಗೆಲುವು ತಂದುಕೊಟ್ಟವರು. 1977ರ ಜೂನ್ 15ರಂದು, ಆಡಳಿತದೊಡನೆ ಜಗಳವಾಗಿ, ಸಿನ್ಸಿನಾಟಿಗೆ ಟ್ರೇಡ್ ಆದರು. ವಿದಾಯದ ಪತ್ರಿಕಾಗೋಷ್ಠಿಯಲ್ಲಿ ಅಭಿಮಾನಿಗಳ ಮಾತು ಬಂದಾಗ ಅವರ ಗಂಟಲು ಕಟ್ಟಿತು. ವರದಿಗಾರರೊಬ್ಬರ ಪುಸ್ತಕ ಈಸಿಕೊಂಡು, ಹೇಳಲಾಗದ್ದನ್ನು ಬರೆದುಕೊಟ್ಟರು. ಎರಡು ತಿಂಗಳಿಗೆ ಎದುರಾಳಿಯಾಗಿ ನ್ಯೂಯಾರ್ಕಿಗೇ ಬಂದು ಮೆಟ್ಸ್ ತಂಡವನ್ನು ಸೋಲಿಸಿದಾಗ ಮೆಟ್ಸ್ ಅಭಿಮಾನಿಗಳು ಅವರಿಗೇ ಚಪ್ಪಾಳೆ ತಟ್ಟಿದರು.

ನಮಗೆ ಇದು ಹೊಸದೇನಲ್ಲ. 2008ರಲ್ಲಿ ಬೆಂಗಳೂರು ತಂಡದ ನಾಯಕರಾಗಿದ್ದ ದ್ರಾವಿಡ್ 2011ರ ಹರಾಜಿನಲ್ಲಿ ರಾಜಸ್ಥಾನದ ಪಾಲಾದಾಗ ಇಲ್ಲಿನ ಎಷ್ಟು ಜನ ಯಾರಿಗೆ ಜೈ ಎನ್ನಬೇಕೆಂದು ತಿಳಿಯದೆ ಕುಳಿತಿರಲಿಲ್ಲ? 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಕೆ.ಎಲ್. ರಾಹುಲ್ ದೆಹಲಿಯ ಅಂಗಿ ತೊಟ್ಟು ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ನಡುವೆ ಊರಿದ್ದನ್ನು ನೀವೂ ನೋಡಿದಿರಿ. ಇದು ನನ್ನ ನೆಲ ಎಂದು ಅವರು ಹೇಳಿದ್ದಕ್ಕೆ ಸೋತ ಬೆಂಗಳೂರಿನವರಲ್ಲಿ ಹಲವರಿಗೆ ಎದೆ ತುಂಬಿ ಬಂದಿತ್ತು. ಆ ಗೊಂದಲ, ಆ ಎದೆ ತುಂಬುವುದು, ಎರಡೂ ಸೇರಿದರೆ ನಾನು ಹೇಳುತ್ತಿರುವುದು ಏನೆಂದು ತಿಳಿಯುತ್ತದೆ.

ಮೂಕಿಯ ಕತೆಗೆ ಮರಳುತ್ತೇನೆ. 2020ರ ಜುಲೈ 22ರಂದು ಡಾಜರ್ಸ್ ಅವನೊಡನೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಕೊಡುವ ಮನಸ್ಸಿದ್ದವರು ಕೊಟ್ಟರು. ಕೊರೊನಾದ ಆ ವರ್ಷ ಹೆಚ್ಚುಕಡಿಮೆ ಇಡೀ ಋತು ಮೈದಾನಗಳಲ್ಲಿ ಜನರಿರಲಿಲ್ಲ, ರಟ್ಟಿನ ಮುಖಗಳನ್ನು ಆಸನಗಳಿಗೆ ಸಿಕ್ಕಿಸಿದ್ದರು. ಅಕ್ಟೋಬರ್‌ನಲ್ಲಿ ಡಾಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು, ಕೊನೆಯ ಪಂದ್ಯದಲ್ಲಿ ಮೂಕಿಯ ಹೋಮ್ ರನ್. ನಮ್ಮ ತಂಡ ತನ್ನ ಗುಂಪಿನಲ್ಲಿ ಕಡೆಯ ಸ್ಥಾನ. ಮಗಳು ಆ ಹೋಮ್ ರನ್ ನೋಡಿ ಕುಣಿದಳು, ನಡುವೆ ಒಮ್ಮೆ ನಿಂತು ನನ್ನ ಮುಖ ನೋಡಿದಳು, ಕುಣಿಯಬಹುದೇ ಎಂದು ಕೇಳುವವಳ ಹಾಗೆ. ಕುಣಿ ಎಂದೆ.

ಅವನು ಆಟವಾಡಲು ಫೆನ್‌ವೇಗೆ ಮರಳಿದ್ದು 2023ರ ಆಗಸ್ಟ್ 25ರಂದು. ಮೂರೂವರೆ ವರ್ಷ ನಾವು ಅವನಿಗೆ ಹೋಗಿ ಬಾ ಎಂದಿರಲಿಲ್ಲ. ನಾನೂ ಮಗಳೂ ಬಲಗಡೆಯ ಮೆಟ್ಟಿಲುಗಳಲ್ಲಿ ಕುಳಿತಿದ್ದೆವು, ಅವನು ಆಡುತ್ತಿದ್ದ ಜಾಗಕ್ಕೆ ಹತ್ತಿರವಾಗಲಿ ಎಂದು. ಅವನು ಬ್ಯಾಟು ಹಿಡಿದು ಮೊದಲ ಸಲ ಬಂದಾಗ ಜನರೆಲ್ಲ ಎದ್ದರು. ಚಪ್ಪಾಳೆ ನಿಲ್ಲಲಿಲ್ಲ. ಅವನು ಹೆಲ್ಮೆಟ್ ತೆಗೆದು ಎತ್ತಿ ಹಿಡಿದ. ನನ್ನ ಎದುರಿನ ಸಾಲಿನಲ್ಲಿ ಒಬ್ಬ ದೊಡ್ಡ ಮೈಕಟ್ಟಿನ ಗಂಡಸು ಹಳೆಯ ಕೆಂಪು 50 ತೊಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ನಾವು ಹೇಳಬೇಕಾಗಿದ್ದ ಹೋಗಿ ಬಾ ಎಂಬ ಮಾತು ಬರಮಾಡಿಕೊಳ್ಳುವ ಚಪ್ಪಾಳೆಯೊಳಗೆ ಸೇರಿಹೋಯಿತು.

ಇನ್ನೊಂದು ಸಂಗತಿ ಇದೆ, ಇಲ್ಲಿರುವ ನಿಮಗೆಲ್ಲ ನೆನಪಿರುವ ದಿನದ್ದು. 2025ರ ನವೆಂಬರ್ 1, ಶನಿವಾರ, ರಾಜ್ಯೋತ್ಸವ. ಆ ರಾತ್ರಿ ಟೊರಾಂಟೊದಲ್ಲಿ ವರ್ಲ್ಡ್ ಸೀರೀಸಿನ ಏಳನೆಯ, ಕೊನೆಯ ಪಂದ್ಯ. ಡಾಜರ್ಸ್ ಮತ್ತು ಬ್ಲೂ ಜೇಸ್. ಒಂಬತ್ತು ಸುತ್ತು ಮುಗಿದರೂ ಸಮ. ಹತ್ತೂ ಮುಗಿಯಿತು. ಹನ್ನೊಂದರಲ್ಲಿ ಡಾಜರ್ಸ್ 5-4ರಿಂದ ಮುಂದೆ. ಟೊರಾಂಟೊದವರು ಇಬ್ಬರು ಬೇಸ್‌ಗಳಲ್ಲಿದ್ದಾರೆ, ಔಟಾದವನು ಒಬ್ಬನೇ. ಗಂಟೆ ಹನ್ನೆರಡು ದಾಟಿತ್ತು. ಮೂಕಿ ಆಗ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿದ್ದ. ಬೋಸ್ಟನ್ನಿನಲ್ಲಿ ಅವನು ಬೆಳೆದು ಬಂದದ್ದು ಎರಡನೆಯ ಬೇಸ್ ಕಾಯುವವನಾಗಿ. ಅಲ್ಲಿ ಡಸ್ಟಿನ್ ಪೆಡ್ರೋಯಾ ಎಂಬ ಹಿರಿಯರಿದ್ದುದರಿಂದ ಇವನನ್ನು ಮೈದಾನದ ಅಂಚಿಗೆ ಕಳುಹಿಸಿದ್ದರು. ಈಗ ಬ್ಯಾಟು ಮುರಿದು, ಚೆಂಡು ನೆಲದ ಮೇಲೆ ಅವನ ಕಡೆಗೇ ಬಂತು. ಹಿಡಿದ, ಓಡಿ ಎರಡನೆಯ ಬೇಸನ್ನು ತಾನೇ ಮೆಟ್ಟಿದ, ಮೊದಲನೆಯದಕ್ಕೆ ಎಸೆದ. ಇಬ್ಬರೂ ಔಟು. ಮುಗಿಯಿತು.

ಮೈಸೂರಿನಲ್ಲಿ ಅದು ಭಾನುವಾರದ ಬೆಳಿಗ್ಗೆ. ಫೋನು ಬಂತು. ಅಮ್ಮನಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಮೊಮ್ಮಗಳು ಕಳುಹಿಸಿದ ಸಂದೇಶವನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿದ್ದರು.

"ಗೆದ್ದನಂತೆ?"

"ಗೆದ್ದ, ಅಮ್ಮ."

"ನಮ್ಮವರು?"

ನಮ್ಮವರು ತಿಂಗಳ ಹಿಂದೆಯೇ ಯಾಂಕೀಸ್ ಎದುರು ಸೋತು ಮನೆಗೆ ಹೋಗಿದ್ದರೆಂದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಕುಕ್ಕರ್ ಕೂಗುವುದು ಕೇಳಿಸಿತು. "ಆ ಕೆಂಪು ಅಂಗಿ ಬೀರುವಿನಲ್ಲೇ ಇದೆ, ಇವತ್ತು ಬಿಸಿಲಿಗೆ ಹಾಕುತ್ತೇನೆ" ಎಂದರು.